ಆರ್‌ಸಿ ಕಾರಿಗೆ ಮೆಟಲ್ ಪಾರ್ಟ್ಸ್ ಹಾಕುವುದು ಹೇಗೆ? ಮೊದಲ ಸಲ ಕೈ ಹಾಕುವವರಿಗೆ ಸಮಗ್ರ ಮಾರ್ಗದರ್ಶಿ

ಅಕ್ಕನ ಮಗನ ಹುಟ್ಟುಹಬ್ಬಕ್ಕೆ ಅಂತ ತಂದ ರಿಮೋಟ್ ಕಾರು ಅದು. ಮೂರನೇ ವಾರಕ್ಕೆ ದಾವಣಗೆರೆ ಹೈಸ್ಕೂಲ್ ಮೈದಾನದಲ್ಲಿ ಮುಂದಿನ ಚಕ್ರ ಕಳಚಿಕೊಂಡು ಒಂದು ಕಡೆ, ಕಾರು ಇನ್ನೊಂದು ಕಡೆ ಹೋಯಿತು. "ಮಾವ, ಎಲ್ಲಾ ಮೆಟಲ್ ಹಾಕಿಬಿಡು, ಮುರಿಯೋದೇ ಇಲ್ಲ" ಅಂದ ಹುಡುಗ. ನಾನೂ ನಂಬಿದೆ. ಕೆಂಪು ಬಣ್ಣದ ಅಲ್ಯೂಮಿನಿಯಂ ಫುಲ್ ಸೆಟ್ ತರಿಸಿ, ಒಂದು ಭಾನುವಾರ ಪೂರ್ತಿ ಕೂತು ಕೈಗೆ ಸಿಕ್ಕಿದ್ದೆಲ್ಲ ಬದಲಾಯಿಸಿದೆ. ಕಾರು ಜಾತ್ರೆ ತೇರಿನ ಹಾಗೆ ಮಿಂಚುತ್ತಿತ್ತು. ಸಂಜೆ ಅದೇ ಮೈದಾನದಲ್ಲಿ ಕಲ್ಲಿನ ಮೆಟ್ಟಿಲಿಗೆ ಗುದ್ದಿತು. ಚಕ್ರ ಹಿಡಿದುಕೊಳ್ಳುವ ಮೆಟಲ್ ಆರ್ಮ್‌ಗೆ ಏನೂ ಆಗಿರಲಿಲ್ಲ. ಆದರೆ ಆ ಆರ್ಮನ್ನು ಹಿಡಿದುಕೊಂಡಿದ್ದ ಬಲ್ಕ್‌ಹೆಡ್ ಅನ್ನುವ ಗೂಡು ಸೀಳಿತ್ತು, ಚಾಸಿಯ, ಅಂದರೆ ಕಾರಿನ ತಳದ, ಮೂತಿ ಬಿರುಕು ಬಿಟ್ಟಿತ್ತು.

ಅವತ್ತು ಗೊತ್ತಾಗಿದ್ದು ಇಷ್ಟು. ಗಟ್ಟಿ ಪಾರ್ಟ್ ಹಾಕಿದರೆ ಪೆಟ್ಟು ಮಾಯ ಆಗುವುದಿಲ್ಲ. ಸರ್ಕಾರಿ ನೌಕರನ ಹಾಗೆ ಪಕ್ಕದ ಜಾಗಕ್ಕೆ ವರ್ಗ ಆಗುತ್ತದೆ, ಅಷ್ಟೇ. ಹಾಗಾಗಿ ಮೆಟಲ್ ಹೇಗೆ ಹಾಕಬೇಕು ಅನ್ನುವುದಕ್ಕೆ ಮುಂಚೆ ಎಲ್ಲಿ ಹಾಕಬೇಕು ಅನ್ನುವುದನ್ನು ನೋಡೋಣ. ನಾನು ಹೇಳುವುದು 1/10 ಅಳತೆಯ, ಬ್ಯಾಟರಿಯ, ಮಣ್ಣಲ್ಲಿ ಓಡಿಸುವ ಕಾರಿಗೆ. ಅಂದರೆ ನಿಜವಾದ ಗಾಡಿಯ ಹತ್ತನೇ ಒಂದು ಭಾಗದಷ್ಟು ಉದ್ದ. ಇದಕ್ಕಿಂತ ಸಣ್ಣದಾದರೂ ಕೆಲಸದ ದಾರಿ ಇದೇ, ಸ್ಕ್ರೂ ಮಾತ್ರ ಇನ್ನೂ ಚಿಕ್ಕವು.

ಎಲ್ಲಿ ಮೆಟಲ್, ಎಲ್ಲಿ ಬೇಡ

ತಿರುಗಿ ತಿರುಗಿ ಸವೆಯುವ ಜಾಗಕ್ಕೆ ಮೆಟಲ್ ಹಾಕಿ. ಮೋಟಾರಿನ ಪಿನಿಯನ್ ಗೇರ್, ಚಕ್ರದ ಬೇರಿಂಗ್, ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್, ಸ್ಟೀರಿಂಗ್ ತಿರುಗಿಸುವ ಸರ್ವೋ ಒಳಗಿನ ಗೇರು, ಚಕ್ರ ಕೂರುವ ಹೆಕ್ಸ್ ಇವೆಲ್ಲ ಆ ಜಾತಿಯವು. ಶಾಕ್ ಅಬ್ಸಾರ್ಬರಿನ ಮುಚ್ಚಳ ತಿರುಗುವುದಿಲ್ಲ, ಆದರೂ ಅದಕ್ಕೂ ಮೆಟಲ್ ಒಳ್ಳೆಯದು.

ಪೆಟ್ಟು ತಿನ್ನುವ ಜಾಗ ಪ್ಲಾಸ್ಟಿಕ್ಕಾಗಿಯೇ ಇರಲಿ. ಬಂಪರ್, ಸಸ್ಪೆನ್ಷನ್ ಆರ್ಮ್, ಬಾಡಿ ನಿಲ್ಲಿಸುವ ಕಂಬ ಇವು. ಒಳ್ಳೆ ನೈಲಾನ್ ಆರ್ಮ್ ಪೆಟ್ಟು ಬಿದ್ದಾಗ ಬಾಗಿ ವಾಪಸ್ ಬರುತ್ತದೆ. ಅಲ್ಯೂಮಿನಿಯಂ ಬಾಗಿದರೆ ಬಾಗಿದ್ದೇ. ಅದೂ ಕಣ್ಣಿಗೆ ಕಾಣದಷ್ಟು ಬಾಗಿರುತ್ತದೆ. ಕಾರು ಸುಮ್ನೆ ಎಡಕ್ಕೆ ಎಳೆಯುತ್ತಿರುತ್ತದೆ, ನಾವು ರಿಮೋಟ್ ಬೈಯುತ್ತಿರುತ್ತೇವೆ.

ತೂಕದ ವಿಷಯವೂ ಇದೆ. ಒಂದು ಘನ ಸೆಂಟಿಮೀಟರ್ ನೈಲಾನ್ ಸುಮಾರು 1.15 ಗ್ರಾಂ ತೂಗಿದರೆ ಅಲ್ಯೂಮಿನಿಯಂ 2.7 ಗ್ರಾಂ, ಸ್ಟೀಲ್ 7.8 ಗ್ರಾಂ ತೂಗುತ್ತದೆ. ಈ ತೂಕ ಚಕ್ರದ ಹತ್ತಿರ ಸೇರಿದರೆ ಶಾಕ್‌ಗೆ ಕೆಲಸ ಜಾಸ್ತಿ, ಮೋಟಾರಿಗೆ ಬಿಸಿ ಜಾಸ್ತಿ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಆ ಮೋಟಾರಿಗೆ ಇನ್ನಷ್ಟು ಬಿಸಿ ನಾವೇ ಕೊಡಬೇಕಾ?

ಇದಕ್ಕೆ ಉಲ್ಟಾ ಒಂದಿದೆ. ಚಿತ್ರದುರ್ಗದಲ್ಲಿರುವ ನನ್ನ ಗೆಳೆಯನದು ಕ್ರಾಲರ್. ಊರಾಚೆ ಬಂಡೆಗಳ ಮೇಲೆ ನಿಧಾನಕ್ಕೆ ಹತ್ತಿಸುವ ಗಾಡಿ. ಅವನು ಮುಂದಿನ ಚಕ್ರದ ಹತ್ತಿರ ಬೇಕಂತಲೇ ಹಿತ್ತಾಳೆ ಪಾರ್ಟ್ ಹಾಕಿದ್ದಾನೆ. ತೂಕ ಕೆಳಗೆ, ಮುಂದೆ ಕೂತರೆ ಕಡಿದಾದ ಬಂಡೆಯಲ್ಲಿ ಗಾಡಿ ಹಿಂದಕ್ಕೆ ಮಗುಚುವುದು ಕಡಿಮೆ. ದುರ್ಗದ ಬಂಡೆಗೆ ಸರಿಯಾದದ್ದು ದಾವಣಗೆರೆ ಮೈದಾನಕ್ಕೆ ಸರಿಯಲ್ಲ. ನಿಮ್ಮ ಗಾಡಿ ಎಲ್ಲಿ ಓಡುತ್ತದೆ ಅಂತ ನೋಡಿಕೊಂಡು ಪಾರ್ಟ್ ತರಿಸಿ.

ತರಿಸುವಾಗ "ಮೆಟಲ್" ಅಂತಷ್ಟೇ ಬರೆದಿದ್ದರೆ ಬಿಡಿ. 6061 ಅಥವಾ 7075 ಅಲ್ಯೂಮಿನಿಯಂ ಅಂತ ಇದ್ದರೆ ಒಳ್ಳೆಯದು. ಎರಡರಲ್ಲಿ 7075 ಜಾಸ್ತಿ ಗಟ್ಟಿ. ತೀರಾ ಅಗ್ಗದ್ದು ಎಷ್ಟೋ ಸಲ ಅಚ್ಚಿಗೆ ಹೊಯ್ದ ಸತುವಿನ ಮಿಶ್ರಣ ಆಗಿರುತ್ತದೆ. ಕೈಯಲ್ಲಿ ಹಿಡಿದರೆ ಭಾರ, ಪೆಟ್ಟು ಬಿದ್ದರೆ ಬಾಗದೆ ಚಟ್ ಅಂತ ಮುರಿಯುತ್ತದೆ.

ಸಾಮಾನು ಮತ್ತು ತಯಾರಿ

ಡಬ್ಬದ ಜೊತೆ ಬರುವ ಎಲ್ ಆಕಾರದ ಅಲೆನ್ ಕೀ ಎತ್ತಿಟ್ಟುಬಿಡಿ. ಅದರ ಮೂಲೆ ಮೆತ್ತಗೆ, ಸ್ಕ್ರೂ ತಲೆ ಸ್ಲಿಪ್ ಆಗುವುದು ಅದರಿಂದಲೇ. ಹಿಡಿ ಇರುವ 1.5, 2 ಮತ್ತು 2.5 ಮಿಲಿಮೀಟರ್ ಹೆಕ್ಸ್ ಡ್ರೈವರ್ ಮೂರು ಸಾಕು. ಹೆಚ್ಚಿನ ಕಾರುಗಳಲ್ಲಿ ಇರುವುದು ಎಂ3, ಅಂದರೆ 3 ಮಿಲಿಮೀಟರ್ ದಪ್ಪದ ಸ್ಕ್ರೂ. ಅದರ ಉದ್ದ ತಲೆಯದಕ್ಕೆ 2.5, ಗುಂಡು ತಲೆ ಮತ್ತು ಒಳಗೆ ಕೂರುವ ಚಪ್ಪಟೆ ತಲೆಗೆ 2, ತಲೆಯೇ ಇಲ್ಲದ ಗ್ರಬ್ ಸ್ಕ್ರೂಗೆ 1.5. ಚಕ್ರದ ನಟ್‌ಗೆ 7 ಮಿಲಿಮೀಟರಿನ ಸ್ಪ್ಯಾನರ್. ಇದರ ಜೊತೆ ಸ್ಕ್ರೂ ತಾನೇ ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಥ್ರೆಡ್‌ಲಾಕರ್, ಒಂದು ಚಿಕ್ಕ ಬಾಟಲಿ. ಕೆಂಪು ಬೇಡ, ಅದನ್ನು ಬಿಚ್ಚಲು ಬೆಂಕಿಯೇ ಕೊಡಬೇಕಾಗುತ್ತದೆ. ಒಂದಿಷ್ಟು ಸರ್ಜಿಕಲ್ ಸ್ಪಿರಿಟ್, ಹಳೇ ಬನಿಯನ್ ಬಟ್ಟೆ, ನೋಟ್‌ಬುಕ್ಕಿನ ಒಂದು ಹಾಳೆ.

ಇನ್ನೊಂದು ಬಹಳ ಮುಖ್ಯವಾದದ್ದು ಇಡ್ಲಿ ತಟ್ಟೆ. ತಮಾಷೆ ಅಲ್ಲ. ಬಿಚ್ಚಿದ ಸ್ಕ್ರೂಗಳನ್ನು ಒಂದೊಂದು ಗುಳಿಗೆ ಹಾಕುತ್ತಾ ಹೋಗಿ. ಮೊದಲು ಬಿಚ್ಚಿದ್ದು ಮೊದಲ ಗುಳಿ, ಆಮೇಲಿನದು ಎರಡನೇ ಗುಳಿ. ಜೋಡಿಸುವಾಗ ಕೊನೆಯಿಂದ ಶುರು ಮಾಡಿದರೆ ಆಯಿತು. 10 ಮಿಲಿಮೀಟರಿನ ಸ್ಕ್ರೂ ಜಾಗಕ್ಕೆ 12ರದ್ದು ಹಾಕಿ ಇನ್ನೊಂದು ಕಡೆ ತೂತು ಮಾಡುವ ಪ್ರಸಂಗ ಬರುವುದಿಲ್ಲ. ಮನೆಯಲ್ಲಿ ಕೇಳಿ ತಗೊಳ್ಳಿ, ಕೇಳದೆ ತಗೊಂಡು ನಾನು ಬೈಸಿಕೊಂಡಿದ್ದೇನೆ.

ಶುರು ಮಾಡುವ ಮೊದಲು ಬ್ಯಾಟರಿ ತೆಗೆದು ಬೇರೆ ಕೋಣೆಯಲ್ಲಿಡಿ. ಸ್ವಿಚ್ ಆಫ್ ಮಾಡಿದ್ದೇನೆ ಅಂದರೆ ಸಾಲದು. ಮೋಟಾರ್ ಒಮ್ಮೆ ಜರ್ ಅಂದರೆ ಗೇರಿನ ಸಂದಿಯಲ್ಲಿದ್ದ ಬೆರಳಿನ ತುದಿ ಹೋಗುತ್ತದೆ. ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಆದರೆ ಮತ್ತೊಂದು ಮಾತು. ಕೆಲಸ ನಾಲ್ಕೈದು ದಿನ ಹಿಡಿಯಬಹುದು ಅನ್ನಿಸಿದರೆ ಫುಲ್ ಚಾರ್ಜಲ್ಲಿ ಇಡಬೇಡಿ. ಒಂದು ಸೆಲ್ಲಿಗೆ 3.8 ವೋಲ್ಟಿನ ಆಸುಪಾಸಿಗೆ ತಂದು ಇಡಿ.

ಕಾರನ್ನು ಬ್ರಷ್‌ನಿಂದ ಚೆನ್ನಾಗಿ ಉದುರಿಸಿ. ನಮ್ಮ ಕಡೆ ಎರೆಮಣ್ಣು ಒಣಗಿದರೆ ಮೈದಾ ಹಿಟ್ಟಿನಷ್ಟು ನುಣ್ಣಗಾಗಿ ಸ್ಕ್ರೂ ತಲೆಯೊಳಗೆ ಗಟ್ಟಿ ಕೂತಿರುತ್ತದೆ. ಸೂಜಿಯಿಂದ ಅದನ್ನು ಕೆದಕಿ ತೆಗೆದ ಮೇಲೆಯೇ ಡ್ರೈವರ್ ಇಡಿ. ಅರ್ಧ ಕೂತ ಡ್ರೈವರ್ ತಿರುಗಿಸಿದರೆ ಆ ಸ್ಕ್ರೂ ಕಥೆ ಮುಗಿಯಿತು. ಹಾಗೇನಾದರೂ ಆದರೆ, ಬಿಸಿ ಸೋಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ತಲೆ ಮೇಲೆ ಅರ್ಧ ನಿಮಿಷ ಇಟ್ಟು, ಡ್ರೈವರಿಗೂ ಸ್ಕ್ರೂಗೂ ಮಧ್ಯೆ ಒಂದು ರಬ್ಬರ್ ಬ್ಯಾಂಡ್ ಕೊಟ್ಟು ಒತ್ತಿ ತಿರುಗಿಸಿ. ಬಹುತೇಕ ಬರುತ್ತದೆ. ಬಿಸಿ ಕೊಡುವುದು ಮೆಟಲ್‌ಗೆ ಕೂತಿರುವ ಸ್ಕ್ರೂಗೆ ಮಾತ್ರ. ಪ್ಲಾಸ್ಟಿಕ್‌ನಲ್ಲಿ ಕೂತಿದ್ದರೆ ರಂಧ್ರವೇ ಕರಗಿಬಿಡುತ್ತದೆ.

ಒಂದು ಸಮಯಕ್ಕೆ ಒಂದೇ ಮೂಲೆ ಬಿಚ್ಚಿ. ಎಡಗಡೆ ಮಾಡುವಾಗ ಬಲಗಡೆ ಹಾಗೇ ಇದ್ದರೆ ನೋಡಿಕೊಂಡು ಜೋಡಿಸಬಹುದು. ಫೋಟೋ ತೆಗೆದಿದ್ದೇನಲ್ಲ ಅಂದುಕೊಳ್ಳುತ್ತೇವೆ. ಬೇಕಾದ ಮೂಲೆಯ ಫೋಟೋ ಮಾತ್ರ ಯಾವಾಗಲೂ ಇರುವುದಿಲ್ಲ.

ಮೊದಲನೆಯದು: ಬೇರಿಂಗ್

ಅಗ್ಗದ ಕಾರಿನಲ್ಲಿ ಚಕ್ರ ಪ್ಲಾಸ್ಟಿಕ್ ಅಥವಾ ಹಿತ್ತಾಳೆ ಬುಷ್, ಅಂದರೆ ಗುಂಡುಗಳಿಲ್ಲದ ಬರೀ ಬಳೆಯ ಮೇಲೆ ತಿರುಗುತ್ತಿರುತ್ತದೆ. ಬೇರೆ ಏನೂ ಮಾಡದೆ ಇವಕ್ಕೆ ಬಾಲ್ ಬೇರಿಂಗ್ ಹಾಕಿದರೂ ಕಾರು ಹಗುರಾಗಿ ಓಡುತ್ತದೆ. 1/10 ಕಾರುಗಳಲ್ಲಿ ಹೆಚ್ಚಾಗಿ ಸಿಗುವ ಅಳತೆ ಎರಡು. ಒಳಗೆ 5, ಹೊರಗೆ 11, ದಪ್ಪ 4 ಮಿಲಿಮೀಟರಿನದು ಒಂದು. 10, 15, 4ರದ್ದು ಇನ್ನೊಂದು. ಬೇರಿಂಗ್ ಅಂಗಡಿಯ ಭಾಷೆಯಲ್ಲಿ ಮೊದಲನೆಯದು ಎಂಆರ್115, ಎರಡನೆಯದು 6700. ನಿಮ್ಮ ಕಾರಿನ ಬುಷ್ ಅಳೆದೇ ಹೋಗಿ.

ನಾನು ಅಳೆಯದೆ ಬುಷ್ಷನ್ನೇ ಜೇಬಲ್ಲಿ ಹಾಕಿಕೊಂಡು ಪೇಟೆಯ ಒಂದು ಅಂಗಡಿಗೆ ಹೋಗಿದ್ದೆ. ಕೌಂಟರಿನವರು ಆಗಷ್ಟೇ ಒಬ್ಬ ರೈತರಿಗೆ ಪಂಪ್‌ಸೆಟ್ಟಿನ 6205 ಕಟ್ಟಿಕೊಡುತ್ತಿದ್ದರು. ನನ್ನ ಬುಷ್ಷನ್ನು ಅಂಗೈಯಲ್ಲಿಟ್ಟು, ಕನ್ನಡಕ ಮೇಲೆ ಮಾಡಿ ನೋಡಿ, "ಇದೇನ್ರೀ, ವಾಚಿಂದಾ?" ಅಂದರು. ಮಕ್ಕಳ ಕಾರಿಂದು ಅಂದೆ. "ಮಕ್ಕಳದ್ದಾ ನಿಮ್ದಾ?" ಅಂದರು. ಉತ್ತರ ಕೊಡಲಿಲ್ಲ. ಅವರ ಹತ್ತಿರ ಅಷ್ಟು ಸಣ್ಣದು ಇರಲಿಲ್ಲ, ಆದರೆ ಒಂದು ಬುದ್ಧಿ ಹೇಳಿ ಕಳಿಸಿದರು. ನಂಬರಿನ ಕೊನೆಗೆ ಝಡ್‌ಝಡ್ ಅಂತಿದ್ದರೆ ತಗಡಿನ ಮುಚ್ಚಳ, 2ಆರ್‌ಎಸ್ ಅಂತಿದ್ದರೆ ರಬ್ಬರ್ ಸೀಲ್. ಧೂಳಿಗೆ ರಬ್ಬರೇ ಸರಿ.

ಬೇರಿಂಗ್ ಕೂರಿಸುವಾಗ ಸುತ್ತಿಗೆ ಮುಟ್ಟಬೇಡಿ. ಹೊರಗಿನ ರಿಂಗ್ ಮೇಲೆ ಮಾತ್ರ, ಬೆರಳಿನಿಂದ ನೇರಕ್ಕೆ ಒತ್ತಿ. ಒಳಗಿನ ರಿಂಗ್ ಒತ್ತಿದರೆ ಗುಂಡುಗಳ ದಾರಿಯಲ್ಲಿ ಗುಳಿ ಬೀಳುತ್ತದೆ. ಆಮೇಲೆ ಚಕ್ರ ತಿರುಗಿಸಿದಾಗಲೆಲ್ಲ ಕರಕರ.

ಎರಡನೆಯದು: ಪಿನಿಯನ್

ಮೋಟಾರಿನ ತುದಿಯಲ್ಲಿರುವ ಚಿಕ್ಕ ಗೇರ್ ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರ್ ಸ್ಪರ್. ಪಿನಿಯನ್ನನ್ನು ಸ್ಟೀಲ್ ಮಾಡಿ, ಸ್ಪರ್ ಪ್ಲಾಸ್ಟಿಕ್ಕೇ ಇರಲಿ. ಸ್ಪರ್ ಈ ಕಾರಿನ ಫ್ಯೂಸ್. ಚಕ್ರಕ್ಕೆ ಕಲ್ಲು ಸಿಕ್ಕಿಕೊಂಡರೆ ಸ್ಪರಿನ ನಾಲ್ಕು ಹಲ್ಲು ಹೋಗುತ್ತವೆ, ಮೋಟಾರ್ ಮತ್ತು ಎಡ ಬಲ ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಉಳಿಯುತ್ತವೆ. ಅದನ್ನೂ ಸ್ಟೀಲ್ ಮಾಡಿದರೆ ಮನೆಯ ಫ್ಯೂಸಿಗೆ ದಪ್ಪ ತಂತಿ ಸುತ್ತಿದ ಹಾಗೆ.

ತರಿಸುವ ಮುಂಚೆ ಮೂರು ಅಳತೆ ನೋಡಿ. ಹಲ್ಲಿನ ಸಂಖ್ಯೆ ಮೊದಲಿದ್ದಷ್ಟೇ ಇರಲಿ. ಹಲ್ಲು ಜಾಸ್ತಿ ಮಾಡಿದರೆ ವೇಗ ಬರುತ್ತದೆ, ಮೋಟಾರ್ ಸುಡುತ್ತದೆ. ಹಲ್ಲಿನ ಗಾತ್ರ, ಅಂದರೆ ಪಿಚ್, ಸ್ಪರಿಗೆ ಸರಿ ಹೊಂದಬೇಕು. 48 ಪಿಚ್ ಸ್ಪರಿಗೆ 32 ಪಿಚ್ ಪಿನಿಯನ್ ಕೂರಿಸಿದರೆ ಎರಡೇ ನಿಮಿಷದಲ್ಲಿ ಸ್ಪರ್ ಪುಡಿ. ಮೂರನೆಯದು ಮೋಟಾರ್ ಶಾಫ್ಟಿನ ದಪ್ಪ. 540 ಗಾತ್ರದ ಮೋಟಾರಿನಲ್ಲಿ ಸಾಮಾನ್ಯವಾಗಿ 3.17 ಮಿಲಿಮೀಟರ್ ಇರುತ್ತದೆ, ದೊಡ್ಡವುಗಳಲ್ಲಿ 5.

ಹಳೆ ಪಿನಿಯನ್ನಿನ ಗ್ರಬ್ ಸ್ಕ್ರೂ ಸಡಿಲಿಸಿ ಎಳೆಯಿರಿ. ಶಾಫ್ಟನ್ನು ಸ್ಪಿರಿಟ್‌ನಿಂದ ಒರೆಸಿ. ಎಣ್ಣೆ ಇದ್ದರೆ ಥ್ರೆಡ್‌ಲಾಕರ್ ಹಿಡಿಯುವುದಿಲ್ಲ. ಶಾಫ್ಟಿನ ಒಂದು ಪಕ್ಕ ಚಪ್ಪಟೆ ಇರುತ್ತದೆ ನೋಡಿ, ಗ್ರಬ್ ಸ್ಕ್ರೂ ಅದರ ಮೇಲೆಯೇ ನೇರ ಕೂರಬೇಕು. ದುಂಡು ಕಡೆ ಕೂತರೆ ಮೊದಲ ಜಿಗಿತಕ್ಕೇ ಸಡಿಲ. ಸ್ಕ್ರೂ ತುದಿಗೆ ನೀಲಿ ಲಾಕರ್ ಒಂದು ಚುಕ್ಕಿ. ಜಾಸ್ತಿ ಹಾಕಿದರೆ ಮೋಟಾರಿನ ಬುಷ್ಷಿಗೆ ಇಳಿದು ಅಲ್ಲೇ ಅಂಟುತ್ತದೆ.

ಈಗ ಎರಡು ಗೇರಿನ ನಡುವಿನ ಸಂದಿ. ಹೊಸಬರು ಕೆಡಿಸುವುದು ಇಲ್ಲೇ, ನಾನೂ ಇಲ್ಲೇ ಕೆಡಿಸಿದ್ದು. ನೋಟ್‌ಬುಕ್ ಹಾಳೆಯಿಂದ ಒಂದು ಬೆರಳಗಲದ ಪಟ್ಟಿ ಕತ್ತರಿಸಿ. ಎರಡು ಗೇರಿನ ಮಧ್ಯೆ ಅದನ್ನು ಕೊಟ್ಟು, ಮೋಟಾರನ್ನು ಸ್ಪರಿನ ಕಡೆಗೆ ಒತ್ತಿ ಹಿಡಿದು ಮೋಟಾರ್ ಸ್ಕ್ರೂ ಬಿಗಿ ಮಾಡಿ. ಆಮೇಲೆ ಸ್ಪರ್ ತಿರುಗಿಸಿ ಪಟ್ಟಿಯನ್ನು ಹೊರಗೆ ತನ್ನಿ. ಕಾಗದದ ಮೇಲೆ ಹಲ್ಲಿನ ಗುರುತು ಸೀರೆ ನೆರಿಗೆಯ ಹಾಗೆ ಒಂದೇ ಸಮ ಬಿದ್ದಿರಬೇಕು, ಹರಿದಿರಬಾರದು. ಹರಿದರೆ ಬಿಗಿ, ಗುರುತೇ ಇಲ್ಲದಿದ್ದರೆ ಸಡಿಲ. ಕಾಗದ ತೆಗೆದ ಮೇಲೆ ಪಿನಿಯನ್ ಹಿಡಿದು ಸ್ಪರ್ ಅಲ್ಲಾಡಿಸಿದರೆ ಟಿಕ್ ಟಿಕ್ ಅನ್ನುವಷ್ಟು ಆಟ ಸಿಗಬೇಕು. ಸ್ಪರ್ ಪೂರ್ತಿ ದುಂಡಗೆ ಇರುವುದಿಲ್ಲ. ಅದಕ್ಕೇ ಸುತ್ತಲೂ ನಾಲ್ಕು ಜಾಗದಲ್ಲಿ ಹೀಗೆ ನೋಡಿ, ತೀರಾ ಬಿಗಿ ಇರುವ ಜಾಗಕ್ಕೆ ಹೊಂದಿಸಿ.

ಮೋಟಾರ್ ಮೌಂಟನ್ನೂ ಮೆಟಲ್ ಮಾಡುತ್ತಿದ್ದರೆ ಅದರ ದಪ್ಪ ಬೇರೆ ಇರಬಹುದು. ಹಳೆ ಸ್ಕ್ರೂ ಉದ್ದ ಜಾಸ್ತಿಯಾಗಿ ಮೋಟಾರಿನ ಒಳಗೆ ಹೋದರೆ ಸುರುಳಿಗೆ ತಾಗುತ್ತದೆ. ಮೋಟಾರಿಗೆ ಅಲ್ಲಿಗೆ ತಿಥಿ.

ಮೂರನೆಯದು: ಸರ್ವೋ ಮತ್ತು ಹಾರ್ನ್

ಮುಂದಿನ ಚಕ್ರ ತಿರುಗಿಸುವ ಸಣ್ಣ ಪೆಟ್ಟಿಗೆ ಸರ್ವೋ. ಅದರ ವೈರ್ ಎಣಿಸಿ. ಮೂರು ಇದ್ದರೆ ಮೆಟಲ್ ಗೇರಿನ ಹೊಸ ಸರ್ವೋ ನೇರವಾಗಿ ಹಾಕಬಹುದು. ಕೆಲವು ಅಗ್ಗದ ಕಾರಿನಲ್ಲಿ ಐದು ವೈರ್ ಇರುತ್ತದೆ. ಅದರ ತಲೆ ಇರುವುದು ರಿಸೀವರ್ ಬೋರ್ಡಲ್ಲಿ. ಅದಕ್ಕೆ ಇದು ಹೊಂದುವುದಿಲ್ಲ, ಬೋರ್ಡ್ ಸಮೇತ ಬದಲಾಯಿಸಬೇಕು.

ಸರ್ವೋ ಶಾಫ್ಟಿನ ತುದಿಯಲ್ಲಿ ಹಲ್ಲುಗಳಿವೆ. ಕಂಪನಿಗೆ ತಕ್ಕಂತೆ 23, 24 ಅಥವಾ 25. ಅದಕ್ಕೆ ಸಿಕ್ಕಿಸುವ ಚಿಕ್ಕ ಕೈ ಹಾರ್ನ್. ಅದೂ ಅಷ್ಟೇ ಹಲ್ಲಿನದಾಗಿರಬೇಕು. ಹೆಚ್ಚಾಗಿ ಸಿಗುವುದು 25.

ಇದೊಂದು ಹೆಜ್ಜೆಗೆ ಮಾತ್ರ ಬ್ಯಾಟರಿ ಬೇಕು. ಮೋಟಾರಿನ ವೈರ್ ಕಳಚಿ, ಕಾರನ್ನು ಡಬ್ಬದ ಮೇಲೆ ಎತ್ತಿಡಿ. ಮೊದಲು ರಿಮೋಟ್ ಆನ್, ಆಮೇಲೆ ಕಾರು. ರಿಮೋಟಿನಲ್ಲಿ ಸ್ಟೀರಿಂಗಿನ ನಡುವನ್ನು ಹೊಂದಿಸುವ ಟ್ರಿಮ್ ಸೊನ್ನೆಗೆ ತನ್ನಿ. ಸರ್ವೋ ಝುಯ್ ಅಂತ ತಿರುಗಿ ನಡುವಿಗೆ ಬಂದು ನಿಲ್ಲುತ್ತದೆ. ಈಗ ಹಾರ್ನನ್ನು ಎಷ್ಟಾಗುತ್ತದೋ ಅಷ್ಟು ನೇರಕ್ಕೆ ಕೂರಿಸಿ ಸ್ಕ್ರೂ ಹಾಕಿ. ಸರ್ವೋ ನಡುವಿಗೆ ಬರುವ ಮುಂಚೆ ಹಾರ್ನ್ ಹಾಕಿದರೆ ಕಾರು ಎಡಕ್ಕೆ ಚೆನ್ನಾಗಿ ತಿರುಗುತ್ತದೆ, ಬಲಕ್ಕೆ ಅರ್ಧ ತಿರುಗಿ ನಿಲ್ಲುತ್ತದೆ.

ಸ್ಪ್ರಿಂಗ್ ಇರುವ ಸರ್ವೋ ಸೇವರ್ ನಿಮ್ಮ ಕಾರಿನಲ್ಲಿದ್ದರೆ ಅದನ್ನು ಕಿತ್ತು ಅಲ್ಯೂಮಿನಿಯಂ ಹಾರ್ನ್ ಹಾಕಬೇಡಿ. ಚಕ್ರಕ್ಕೆ ಬಿದ್ದ ಪೆಟ್ಟನ್ನು ನುಂಗುವುದು ಆ ಸ್ಪ್ರಿಂಗ್. ಸ್ಟೀರಿಂಗ್ ಕಂಬದಲ್ಲೇ ಬೇರೆ ಸೇವರ್ ಇದ್ದರೆ ಆಗ ಮೆಟಲ್ ಹಾರ್ನ್ ಪರವಾಗಿಲ್ಲ. ಕೊನೆಗೆ ರಿಮೋಟಿನಿಂದ ಚಕ್ರವನ್ನು ಪೂರ್ತಿ ತಿರುಗಿಸಿ ಹಿಡಿಯಿರಿ. ಸರ್ವೋ ಜೇನಿನ ಹಾಗೆ ಗುಂಯ್ ಅನ್ನುತ್ತಿದ್ದರೆ ಅದು ಮುಂದೆ ಹೋಗಲಾಗದೆ ಒದ್ದಾಡುತ್ತಿದೆ. ರಿಮೋಟಿನಲ್ಲಿ ಸ್ಟೀರಿಂಗ್ ಮಿತಿ ಸ್ವಲ್ಪ ಕಡಿಮೆ ಮಾಡಿ. ಆಮೇಲೆ ಬ್ಯಾಟರಿ ಮತ್ತೆ ತೆಗೆದಿಡಿ.

ನಾಲ್ಕನೆಯದು: ನಕಲ್, ಹೆಕ್ಸ್, ಡ್ರೈವ್ ಶಾಫ್ಟ್

ನಕಲ್ ಅಂದರೆ ಡೂಪ್ಲಿಕೇಟ್ ಅಲ್ಲ, ಚಕ್ರದ ಬೇರಿಂಗ್ ಹಿಡಿದುಕೊಳ್ಳುವ ಗಂಟು. ಇದು ಸವೆತವನ್ನೂ ಪೆಟ್ಟನ್ನೂ ಎರಡನ್ನೂ ತಿನ್ನುತ್ತದೆ. ಪ್ಲಾಸ್ಟಿಕ್ ನಕಲ್ಲಿನಲ್ಲಿ ಬೇರಿಂಗ್ ಗೂಡು ಅಗಲವಾಗಿ ಚಕ್ರ ಅಲ್ಲಾಡುತ್ತಿದ್ದರೆ ಅಲ್ಯೂಮಿನಿಯಂ ಹಾಕಿ. ಅಲ್ಲಾಡದಿದ್ದರೆ ಸುಮ್ನೆ ಬಿಡಿ.

ಹೊಸ ನಕಲ್ಲಿಗೆ ಬೇರಿಂಗ್ ಬಿಗಿ ಅನ್ನಿಸಿದರೆ ನಕಲ್ಲನ್ನು ಐದು ನಿಮಿಷ ಕುದಿನೀರಲ್ಲಿ ಹಾಕಿ, ಇಕ್ಕಳದಿಂದ ತೆಗೆದು ಒರೆಸಿ ತಕ್ಷಣ ಒತ್ತಿ. ಬಿಸಿಗೆ ಅಲ್ಯೂಮಿನಿಯಂ ಹಿಗ್ಗಿರುತ್ತದೆ, ಬೇರಿಂಗ್ ಸಲೀಸಾಗಿ ಕೂರುತ್ತದೆ. ಎಡ ಬಲ ಬೇರೆ ಬೇರೆ, ಸ್ಟೀರಿಂಗ್ ಕೈ ಯಾವ ಕಡೆಗೆ ಅಂತ ಹಳೆಯದರ ಪಕ್ಕ ಇಟ್ಟು ನೋಡಿ. ಮೇಲೆ ಕೆಳಗಿನ ಸ್ಕ್ರೂ ಬಿಗಿ ಮಾಡಿದ ಮೇಲೆ ಕಾರನ್ನು ಪಕ್ಕಕ್ಕೆ ವಾಲಿಸಿ. ನಕಲ್ ತನ್ನ ಭಾರಕ್ಕೆ ತಾನೇ ತಿರುಗಿ ಬೀಳಬೇಕು. ಬೀಳದಿದ್ದರೆ ಕಾಲು ಸುತ್ತು ಸಡಿಲಿಸಿ.

ಥ್ರೆಡ್‌ಲಾಕರ್ ಹಾಕುವುದು ಮೆಟಲ್ ಸ್ಕ್ರೂ ಮೆಟಲ್ ರಂಧ್ರಕ್ಕೆ ಹೋಗುವಲ್ಲಿ ಮಾತ್ರ. ಪ್ಲಾಸ್ಟಿಕ್‌ಗೆ ತಾಗಿದರೆ ಕೆಲವು ಜಾತಿಯ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಪ್ಲಾಸ್ಟಿಕ್ ರಂಧ್ರಕ್ಕೆ ಸ್ಕ್ರೂ ವಾಪಸ್ ಹಾಕುವುದಕ್ಕೆ ಬೇರೆ ಉಪಾಯ ಇದೆ. ಸ್ಕ್ರೂ ಇಟ್ಟು ಮೊದಲು ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಒಂದು ಕಡೆ ಟಕ್ ಅಂತ ಒಂದು ಮೆಟ್ಟಿಲು ಇಳಿದಂತೆ ಬೆರಳಿಗೆ ಗೊತ್ತಾಗುತ್ತದೆ. ಹಳೆ ಥ್ರೆಡ್ ಸಿಕ್ಕಿತು ಅಂತ ಅರ್ಥ. ಅಲ್ಲಿಂದ ಬಿಗಿ ಮಾಡಿ. ಹಾಗೆ ಮಾಡದೆ ತಿರುಪಿದರೆ ಪ್ರತಿ ಸಲ ಹೊಸ ಥ್ರೆಡ್ ಕೊರೆದು, ಮೂರನೇ ಸಲಕ್ಕೆ ರಂಧ್ರ ಬರಿದು.

ಹೆಕ್ಸ್ 12 ಮಿಲಿಮೀಟರಿನದು. ಒಳಗಿನ ಸಣ್ಣ ಪಿನ್ ಜಾರಿ ಬೀಳದಂತೆ ಚೂರು ಗ್ರೀಸ್ ಹಚ್ಚಿ. ಸ್ಟೀಲ್ ಡ್ರೈವ್ ಶಾಫ್ಟಿನ ಕೀಲಿಗೂ ಅಷ್ಟೇ, ಚೂರು. ಧಾರಾಳವಾಗಿ ಬಳಿದರೆ ಎರೆಮಣ್ಣಿನ ಧೂಳು ಸೇರಿ ಉಜ್ಜುವ ಪೇಸ್ಟ್ ಆಗಿಬಿಡುತ್ತದೆ.

ಶಾಕ್ ಮುಚ್ಚಳ, ಲಿಂಕ್

ಪ್ಲಾಸ್ಟಿಕ್ ಮುಚ್ಚಳ ಜಿಗಿತಕ್ಕೆ ಹಾರಿ ಎಣ್ಣೆ ಚೆಲ್ಲುತ್ತದೆ, ಅಲ್ಯೂಮಿನಿಯಂ ಹಾಕಿದರೆ ಆ ಕಾಟ ತಪ್ಪುತ್ತದೆ. ಎಣ್ಣೆ ತುಂಬಿ ಪಿಸ್ಟನ್ ಮೇಲೆ ಕೆಳಗೆ ಮಾಡಿ, ಗುಳ್ಳೆ ಹೋಗುವ ತನಕ ಕಾದು ಮುಚ್ಚಿ. ಸ್ಟೀರಿಂಗ್ ಲಿಂಕಿಗೆ ಟರ್ನ್‌ಬಕಲ್, ಅಂದರೆ ತಿರುಗಿಸಿದರೆ ಉದ್ದ ಹೆಚ್ಚು ಕಡಿಮೆ ಆಗುವ ಕಡ್ಡಿ, ಹಾಕುವುದಾದರೆ ಅದರ ಒಂದು ತುದಿ ಉಲ್ಟಾ ಥ್ರೆಡ್. ಎರಡೂ ಕಡೆ ಉಲ್ಟಾ ತುದಿ ಎಡಕ್ಕೇ ಬರುವಂತೆ ಹಾಕಿಕೊಳ್ಳಿ, ಹೊಂದಿಸುವಾಗ ಗೊಂದಲ ಇರುವುದಿಲ್ಲ. ಹಳೆ ಲಿಂಕಿನ ಉದ್ದ ಅಳೆದು ಅಷ್ಟಕ್ಕೇ ಇಟ್ಟರೆ ಸದ್ಯಕ್ಕೆ ಸಾಕು.

ಓಡಿಸಿ ನೋಡುವುದು

ಥ್ರೆಡ್‌ಲಾಕರ್ ಗಟ್ಟಿಯಾಗಲು ಒಂದು ರಾತ್ರಿ ಬಿಡಿ. ಬೆಳಿಗ್ಗೆ, ಬ್ಯಾಟರಿ ಹಾಕುವ ಮುಂಚೆ, ಕಾರನ್ನು ಕೈಯಲ್ಲಿ ಹಿಡಿದು ನಾಲ್ಕೂ ಚಕ್ರ ತಿರುಗಿಸಿ. ಎಲ್ಲಾದರೂ ಹಿಡಿದಂತೆ ಆದರೆ ಅಲ್ಲೇ ಬಿಚ್ಚಿ ನೋಡಿ, ಓಡಿದರೆ ಸರಿ ಹೋಗುತ್ತದೆ ಅನ್ನಬೇಡಿ.

ಮೊದಲ ಐದು ನಿಮಿಷ ಅರ್ಧ ವೇಗದಲ್ಲಿ ಮಾತ್ರ ಓಡಿಸಿ. ಸಮತಟ್ಟು ಜಾಗ, ಜನ ಕಡಿಮೆ ಇರುವ ಹೊತ್ತು. ಬೆಳಿಗ್ಗೆ ಮೈದಾನದಲ್ಲಿ ವಾಕಿಂಗ್ ಬರುವ ಅಜ್ಜಂದಿರ ಕಾಲಿಗೆ ಎರಡು ಕಿಲೋ ಕಾರು ಗುದ್ದಿದರೆ ಮೆಟಲ್ಲೋ ಪ್ಲಾಸ್ಟಿಕ್ಕೋ ಅಂತ ಅವರು ಕೇಳುವುದಿಲ್ಲ. ಕಿವಿ ಕೊಟ್ಟು ಕೇಳಿ. ಸಣ್ಣಗೆ ಕಿರುಚುವ ಸದ್ದು ಬಂದರೆ ಗೇರ್ ಬಿಗಿ, ಕಟಕಟ ಅಂದರೆ ಸಡಿಲ. ನಿಲ್ಲಿಸಿ ಮೋಟಾರ್ ಮುಟ್ಟಿ. ಮೂರು ಎಣಿಸುವಷ್ಟು ಹೊತ್ತು ಬೆರಳು ಇಡಲಾಗದಿದ್ದರೆ ಆಟ ನಿಲ್ಲಿಸಿ. 80 ಡಿಗ್ರಿ ದಾಟಿದರೆ ಮೋಟಾರಿಗೆ ಒಳ್ಳೆಯದಲ್ಲ.

ಒಂದು ಬ್ಯಾಟರಿ ಮುಗಿದ ಮೇಲೆ ಮನೆಗೆ ತಂದು ಎಲ್ಲಾ ಸ್ಕ್ರೂಗೂ ಡ್ರೈವರ್ ಇಟ್ಟು ನೋಡಿ. ಪಿನಿಯನ್ ಸುತ್ತ ಪ್ಲಾಸ್ಟಿಕ್ ಪುಡಿ ಕಂಡರೆ ಸ್ಪರ್ ಸವೆಯುತ್ತಿದೆ, ಕಾಗದದ ಪಟ್ಟಿ ಮತ್ತೆ ಕತ್ತರಿಸಿ.

ಬಿಚ್ಚಿದ ಪ್ಲಾಸ್ಟಿಕ್ ಪಾರ್ಟ್ ಬಿಸಾಡಬೇಡಿ. ನನ್ನ ಕೆಂಪು ಆರ್ಮ್ ನಾಲ್ಕೂ ಈಗ ಬಿಸ್ಕತ್ ಡಬ್ಬದಲ್ಲಿವೆ, ಕಾರಿನಲ್ಲಿ ಮತ್ತೆ ಹಳೆ ಕಪ್ಪು ಆರ್ಮ್ ಓಡುತ್ತಿದೆ. ಮೊನ್ನೆ ಅದರಲ್ಲೊಂದು ಮುರಿಯಿತು. ಬದಲಿ ಆರ್ಮ್ ಹಾಕಲು ಹಿಡಿದದ್ದು ಎರಡು ಸ್ಕ್ರೂ, ಹತ್ತು ನಿಮಿಷ. "ಮಾವ, ಆ ಕೆಂಪುದು ಯಾವಾಗ ಹಾಕ್ತೀಯ?" ಅಂತ ಹುಡುಗ ಇನ್ನೂ ಕೇಳುತ್ತಾನೆ.